ಚೀಟಿಯಲ್ಲಿರುವ ಒಂದೇ ಮೊತ್ತವನ್ನು ಮೊದಲು ಬಿಡಿಸಿ ಬರೆಸಿಕೊಳ್ಳಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಏಳು ಸೀಟಿನ ಕಾರು ತೆಗೆದುಕೊಳ್ಳೋಣ ಎಂದು ಶೋರೂಮಿಗೆ ಹೋಗಿದ್ದೆವು. ಎಕ್ಸ್-ಶೋರೂಮ್ ಬೆಲೆ 11,80,000 ರೂಪಾಯಿ. ಆನ್-ರೋಡ್ 15,20,000 ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಕೇಳಿದಾಗ, ಅದರಲ್ಲಿ ಇನ್ಶೂರೆನ್ಸ್ 61,500, ಆಕ್ಸೆಸರಿ ಕಿಟ್ 32,000, ಹ್ಯಾಂಡ್ಲಿಂಗ್ 9,000 ಎಂದರು. ಮೂರೂ ಕಡ್ಡಾಯವಂತೆ. ಹೊರಗೆ ಇನ್ಶೂರೆನ್ಸ್ ಮಾಡಿಸಿದರೆ ಕ್ಯಾಶ್‌ಲೆಸ್ ಸಿಗುವುದಿಲ್ಲ, ವಾರಂಟಿಗೂ ತೊಂದರೆ ಎನ್ನುತ್ತಾರೆ. 8 ಲಕ್ಷ ಸಾಲಕ್ಕೆ ಬಡ್ಡಿ "ಐದೂವರೆ ಪರ್ಸೆಂಟ್ ಅಷ್ಟೇ" ಅಂತೆ. ನಮ್ಮ ಹಳೇ ಕಾರಿಗೆ 1,60,000 ಕೊಡುತ್ತಾರಂತೆ. "ಆಫರ್ ಇವತ್ತು ಸಂಜೆವರೆಗೆ ಮಾತ್ರ, ಆಯುಧಪೂಜೆಗೆ ಕೊಡೋಕೆ ಎರಡೇ ಗಾಡಿ ಉಳಿದಿವೆ" ಎಂದಾಗ ನಮ್ಮವರು 21,000 ಬುಕಿಂಗ್ ಕಟ್ಟಿಬಿಟ್ಟರು. ಈಗ ದಿನಕ್ಕೆ ನಾಲ್ಕೈದು ಸಲ ಫೋನ್ ಬರುತ್ತಿದೆ. ನನಗೆ ನಿದ್ದೆ ಬರುತ್ತಿಲ್ಲ. ನಾವು ಮೋಸ ಹೋದೆವಾ? ಹಬ್ಬಕ್ಕೆ ಇನ್ನು ಮೂರು ವಾರ ಇದೆ.

ಉತ್ತರ: ಇಲ್ಲ ಮೇಡಂ, ಇನ್ನೂ ಮೋಸ ಹೋಗಿಲ್ಲ. ನೀವು ಕಟ್ಟಿರುವುದು ಬುಕಿಂಗ್ ಹಣ ಮಾತ್ರ. ಸಾಲದ ಪತ್ರಕ್ಕೆ ಸಹಿ ಹಾಕಿಲ್ಲ, ಪಾಲಿಸಿ ಆಗಿಲ್ಲ, ಕಾರು ನೋಂದಣಿ ಆಗಿಲ್ಲ. ದೊಡ್ಡ ತೀರ್ಮಾನಗಳೆಲ್ಲ ಇನ್ನೂ ನಿಮ್ಮ ಕೈಯಲ್ಲೇ ಇವೆ. ನಿಮ್ಮ ಯಜಮಾನರನ್ನು ದೂರಬೇಡಿ. ಆ ಕುರ್ಚಿಯಲ್ಲಿ ಕೂತವರು ಹಾಗೆ ಮಾಡುವಂತೆಯೇ ಅಲ್ಲಿನ ಮಾತು ಹೆಣೆದಿರುತ್ತದೆ.

ನಾನು ಹದಿನಾಲ್ಕು ವರ್ಷ ಆ ಮೇಜಿನ ಆಚೆ ಕಡೆ ಕೂತವನು. ಮೊದಲು ಸೇಲ್ಸ್‌ನಲ್ಲಿ, ಆಮೇಲೆ ಮ್ಯಾನೇಜರ್ ಆಗಿ. ಈಗ ಕಾರು ಕೊಳ್ಳುವ ಕುಟುಂಬಗಳಿಗೆ ಸಲಹೆ ಕೊಡುತ್ತೇನೆ. ಅದಕ್ಕೇ ಒಳಗಿನ ವಿಷಯ ಮೊದಲು ಹೇಳಿಬಿಡುತ್ತೇನೆ.

ದಿನಾ ಬೆಳಗ್ಗೆ ಒಂಬತ್ತೂವರೆಗೆ ನಮ್ಮಲ್ಲಿ ಮೀಟಿಂಗ್ ಇರುತ್ತಿತ್ತು. ಗೋಡೆಯ ಮೇಲೊಂದು ಬಿಳಿ ಬೋರ್ಡ್. ಒಬ್ಬೊಬ್ಬ ಹುಡುಗನ ಹೆಸರಿನ ಮುಂದೆ ನಾಲ್ಕು ಕಾಲಂ: ಬುಕಿಂಗ್, ಇನ್ಶೂರೆನ್ಸ್, ಫೈನಾನ್ಸ್, ಆಕ್ಸೆಸರಿ. ಬುಕಿಂಗ್ ಹತ್ತಿದ್ದು ಇನ್ಶೂರೆನ್ಸ್ ಆರೇ ಇದ್ದರೆ, "ಉಳಿದ ನಾಲ್ಕು ಎಲ್ಲಿ ಹೋಯ್ತು?" ಎಂದು ಎಲ್ಲರ ಎದುರು ಕೇಳುತ್ತಿದ್ದೆವು. ಅವನ ಸಂಬಳ ಕಡಿಮೆ, ಇನ್ಸೆಂಟಿವ್ ಮೇಲೆ ಮನೆ ನಡೀಬೇಕು. ಡೀಲರ್‌ಗೂ ಕಾರಿನ ಮೇಲೆ ಉಳಿಯುವುದು ಕಮ್ಮಿ. ಕಂಪನಿಯಿಂದ ಬಂದ ಗಾಡಿಗಳನ್ನು ಬ್ಯಾಂಕ್ ಸಾಲದಲ್ಲಿ ಸ್ಟಾಕ್ ಇಟ್ಟಿರುತ್ತಾರೆ. ಯಾರ್ಡ್‌ನಲ್ಲಿ ಗಾಡಿ ನಿಂತಷ್ಟು ದಿನ ಬಡ್ಡಿ ಓಡುತ್ತದೆ. ಹಾಗಾಗಿ ಇನ್ಶೂರೆನ್ಸ್ ಕಮಿಷನ್, ಸಾಲ ಕೊಡಿಸಿದ್ದಕ್ಕೆ ಬ್ಯಾಂಕಿನಿಂದ ಬರುವ ದುಡ್ಡು, ಆಕ್ಸೆಸರಿ ಲಾಭ, ಇವೇ ಅವರಿಗೆ ಆಸರೆ. ನಿಮಗೆ "ಕಡ್ಡಾಯ" ಎಂದು ಹೇಳಿದ ಮೂರು ಬಾಬ್ತುಗಳನ್ನು ಇನ್ನೊಮ್ಮೆ ನೋಡಿ. ಬಹುತೇಕ ಆ ಬೋರ್ಡಿನ ಕಾಲಂಗಳೇ ಅಲ್ವಾ?

ಇನ್ನೊಂದು ವಿಷಯ. "ಸರ್ ಹತ್ರ ಕೇಳಿ ಬರ್ತೀನಿ" ಎಂದು ಹುಡುಗ ಎದ್ದು ಗಾಜಿನ ಕ್ಯಾಬಿನ್ನಿಗೆ ಹೋಗುತ್ತಾನಲ್ಲ, ಎಷ್ಟು ರಿಯಾಯಿತಿ ಕೊಡಬಹುದು ಎಂಬುದು ಅವನಿಗೆ ಹೆಚ್ಚಿನ ಸಲ ಮೊದಲೇ ಗೊತ್ತಿರುತ್ತದೆ. ನಾನೂ ಹಾಗೆ ಹೋಗಿ, ಎರಡು ನಿಮಿಷ ನಿಂತು, ಬಂದು "ಕಷ್ಟಪಟ್ಟು ಒಪ್ಪಿಸಿದೆ" ಎಂದು ಹೇಳಿದ್ದೇನೆ. ಎದುರಿದ್ದವರು ಆ ಮಾತಿಗೆ ಕರಗಿ ಸಹಿ ಹಾಕಿದ್ದೂ ಇದೆ. ಅದು ಈಗಲೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ಈ ಕೆಲಸಕ್ಕೆ ಬಂದಿದ್ದಕ್ಕೆ ಅದೂ ಒಂದು ಕಾರಣ.

ಈಗ ನಿಮ್ಮ 15,20,000 ತೆಗೆದುಕೊಳ್ಳೋಣ. ಅದು ಒಂದೇ ಗಂಟಾಗಿ ಇರುವವರೆಗೆ ಚೌಕಾಸಿ ಮಾಡಲು ಆಗುವುದಿಲ್ಲ. ಬಿಚ್ಚಿದರೆ ಹೀಗೆ ಕಾಣುತ್ತದೆ. ಕಾರಿನ ಬೆಲೆ 11,80,000. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 17. ಅಂದರೆ 2,00,600. ಅದರ ಮೇಲೆ ಸೆಸ್ ಸೇರಿದರೆ ಸುಮಾರು 2.2 ಲಕ್ಷ. ಬೆಲೆ 10 ಲಕ್ಷ ದಾಟಿದ್ದರಿಂದ ಶೇ. 1ರಂತೆ ಟಿಸಿಎಸ್ (ಮಾರುವವರು ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) 11,800. ಇದು ಹೋದ ದುಡ್ಡಲ್ಲ. ಕಾರು ಕೊಂಡವರ ಪ್ಯಾನ್ ನಂಬರಿಗೆ ಜಮೆಯಾಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಹಿಡಿದುಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ನೋಂದಣಿ ಫೀ 600, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 1,500, ಜೊತೆಗೆ ಫಾಸ್ಟ್‌ಟ್ಯಾಗ್ ಥರದ ಚಿಲ್ಲರೆ. ಇಲ್ಲಿಗೆ ಹೆಚ್ಚುಕಮ್ಮಿ 14.15 ಲಕ್ಷ ಆಯಿತು. ಇದರಲ್ಲಿ ಕಾರಿನ ಬೆಲೆಯ ಮೇಲೆ ಡಿಸ್ಕೌಂಟ್ ಕೇಳಬಹುದೇ ಹೊರತು ಮಿಕ್ಕಿದ್ದರಲ್ಲಿ ಮಾತಿಲ್ಲ. ಉಳಿದ ಒಂದು ಲಕ್ಷ ಚಿಲ್ಲರೆ ಇದೆಯಲ್ಲ, ನಿಮ್ಮ ಮಾತುಕತೆ ನಡೆಯಬೇಕಾದದ್ದು ಅಲ್ಲಿ.

(ನಿಮ್ಮ ಕಾರಿಗೆ ಇದು ಅನ್ವಯಿಸಲ್ಲ, ಆದರೂ ಬೇರೆ ಓದುಗರಿಗೆ ಹೇಳಿಬಿಡುತ್ತೇನೆ. 5ರಿಂದ 10 ಲಕ್ಷದೊಳಗಿನ ಕಾರಿಗೆ ತೆರಿಗೆ ಶೇ. 14. 9,95,000ದ ಕಾರಿಗೆ ಸೆಸ್ ಬಿಟ್ಟು 1,39,300 ತೆರಿಗೆ. "ಇನ್ನು ಹತ್ತೇ ಸಾವಿರ ಹಾಕಿ, ಮೇಲಿನ ವೇರಿಯಂಟ್ ಬರುತ್ತೆ" ಎಂಬ ಮಾತಿಗೆ ಒಪ್ಪಿ 10,05,000ಕ್ಕೆ ಹೋದರೆ ತೆರಿಗೆಯೇ 1,70,850 ಆಗುತ್ತದೆ. ಹತ್ತು ಸಾವಿರ ಎಂದದ್ದು ನಲವತ್ತು ಸಾವಿರ ದಾಟುತ್ತದೆ.)

ಇನ್ಶೂರೆನ್ಸ್ ವಿಷಯಕ್ಕೆ ಬರೋಣ. ಮೂರರಲ್ಲಿ ಇದೇ ದೊಡ್ಡದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಇರಲೇಬೇಕು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹಾಗಿದೆ. ವಿಮೆ ಕಡ್ಡಾಯ ಎಂಬುದು ನಿಜ. ಅದನ್ನು ಇವರ ಹತ್ತಿರವೇ ಮಾಡಿಸಬೇಕು ಎಂಬ ಕಾನೂನಿಲ್ಲ. ಡೀಲರ್‌ಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ನಿಯಮ ಮಾಡಿದೆ. ಗ್ರಾಹಕರ ಮೇಲೆ ಒತ್ತಾಯ ಹೇರುವಂತಿಲ್ಲ. ಕ್ಯಾಶ್‌ಲೆಸ್ ಸಿಗುವುದು ಬಿಡುವುದು ವಿಮಾ ಕಂಪನಿಗೂ ಆ ಗ್ಯಾರೇಜಿಗೂ ಒಪ್ಪಂದ ಇದೆಯಾ ಎಂಬುದರ ಮೇಲೆ ನಿಂತಿದೆ. ಪಾಲಿಸಿ ಎಲ್ಲಿ ಕೊಂಡಿರಿ ಎಂಬುದರ ಮೇಲಲ್ಲ. ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ನಿಮ್ಮೂರಿನ ಸರ್ವಿಸ್ ಸೆಂಟರ್ ಹೆಸರಿದೆಯಾ ಎಂದು ನೋಡಿಕೊಳ್ಳಿ, ಸಾಕು. ವಾರಂಟಿಗೂ ವಿಮೆಗೂ ಸಂಬಂಧವೇ ಇಲ್ಲ.

ಆದರೆ ಅಗ್ಗ ಎಂದು ಕಣ್ಣುಮುಚ್ಚಿ ಹೊರಗಿನ ಪಾಲಿಸಿ ಮಾಡಿಸುವುದೂ ತಪ್ಪು. ಎರಡು ಕೊಟೇಶನ್ ಹೋಲಿಸುವಾಗ ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ, ಒಂದೇ ಇರಬೇಕು. ಹೊಸ ಕಾರಿಗೆ ಸಾಮಾನ್ಯವಾಗಿ ಎಕ್ಸ್-ಶೋರೂಮ್ ಬೆಲೆಯ ಶೇ. 95 ಇರುತ್ತದೆ, ನಿಮ್ಮದಕ್ಕೆ 11,21,000. ಝೀರೋ ಡೆಪ್ (ಬಿಡಿಭಾಗಕ್ಕೆ ಸವಕಳಿ ಕಳೆಯದೆ ಹಣ ಕೊಡುವುದು), ಇಂಜಿನ್ ಪ್ರೊಟೆಕ್ಟ್ ಥರದ ಆಡ್-ಆನ್‌ಗಳೂ, ಅಂದರೆ ಹೆಚ್ಚುವರಿ ರಕ್ಷಣೆಗಳೂ, ಎರಡರಲ್ಲೂ ಒಂದೇ ಇರಬೇಕು. ಥರ್ಡ್ ಪಾರ್ಟಿ ದರ ಸರ್ಕಾರ ಗೊತ್ತುಮಾಡಿದ್ದು, ಎಲ್ಲಿ ಕೇಳಿದರೂ ಅಷ್ಟೇ. ವ್ಯತ್ಯಾಸ ಬರುವುದು ಓನ್ ಡ್ಯಾಮೇಜ್ ಭಾಗ (ನಿಮ್ಮ ಕಾರಿಗೇ ಆಗುವ ಹಾನಿಗೆ) ಮತ್ತು ಆಡ್-ಆನ್‌ಗಳಲ್ಲಿ. ತುಮಕೂರಿನ ಒಂದು ಕುಟುಂಬಕ್ಕೆ ಶೋರೂಮಿನವರು 58,000 ಹೇಳಿದ್ದರು. ಅದೇ ವಿಮಾ ಕಂಪನಿ, ಅದೇ ಐಡಿವಿ, ಅವೇ ಆಡ್-ಆನ್ ಹಾಕಿ ನೋಡಿದರೆ ಕಂಪನಿಯ ಸ್ವಂತ ಆ್ಯಪ್‌ನಲ್ಲಿ 39,000 ಚಿಲ್ಲರೆ. ಅದನ್ನು ತೋರಿಸಿದ ಅರ್ಧ ಗಂಟೆಯಲ್ಲಿ ಶೋರೂಮಿನವರೇ 41,000ಕ್ಕೆ ಇಳಿದರು. ಆ ಕುಟುಂಬದವರು ಅಲ್ಲೇ ಮಾಡಿಸಿದರು. ನಾನೂ ಸರಿ ಎಂದೆ. ಕ್ಲೈಮ್ ಬಂದಾಗ ಓಡಾಟ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಅದಕ್ಕೆ ಎರಡು ಸಾವಿರ ಕೊಡಬಹುದು, ಇಪ್ಪತ್ತು ಸಾವಿರ ಬೇಡ.

ಇನ್ನು ನಿಮ್ಮ ಪತ್ರದಲ್ಲಿ ನೀವು ಗಮನಿಸದ ಒಂದು ಹಣ ಇದೆ. ನಿಮ್ಮ ಹಳೇ ಕಾರಿಗೆ ಕ್ಲೈಮ್ ಮಾಡದೆ ಎಷ್ಟು ವರ್ಷ ಆಯಿತು? ಐದು ವರ್ಷ ಸತತವಾಗಿ ಕ್ಲೈಮ್ ಇಲ್ಲದಿದ್ದರೆ ನೋ ಕ್ಲೈಮ್ ಬೋನಸ್ (ಎನ್‌ಸಿಬಿ) ಶೇ. 50 ಇರುತ್ತದೆ. ಅದು ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಅಷ್ಟು ಕಡಿತ ಸಿಗುತ್ತದೆ. ಹಳೇ ಕಾರು ಮಾರಿದ ದಾಖಲೆ ಕೊಟ್ಟು, ಹಳೇ ವಿಮಾ ಕಂಪನಿಯಿಂದ ಒಂದು ಎನ್‌ಸಿಬಿ ಪತ್ರ ತೆಗೆದುಕೊಳ್ಳಬೇಕು. ಮೂರು ವರ್ಷದೊಳಗೆ ಬಳಸಬಹುದು. ಒಂದು ಎಚ್ಚರ: ಹಳೇ ಕಾರು ಯಾರ ಹೆಸರಲ್ಲಿದೆಯೋ ಹೊಸದೂ ಅವರ ಹೆಸರಲ್ಲೇ ಇರಬೇಕು. ಹಳೆಯದು ಯಜಮಾನರ ಹೆಸರಲ್ಲಿದ್ದು ಹೊಸದನ್ನು ನಿಮ್ಮ ಹೆಸರಿಗೆ ಮಾಡಿಸಿದರೆ ಈ ಬೋನಸ್ ಬರುವುದಿಲ್ಲ. ನಾಳೆ ಫೋನ್ ಬಂದಾಗ ಮೊದಲು ಇದನ್ನೇ ಕೇಳಿ: "ಆ 61,500ರಲ್ಲಿ ಎನ್‌ಸಿಬಿ ಕಳೆದಿದ್ದೀರಾ?"

ಆಕ್ಸೆಸರಿ ಕಿಟ್. ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಕಿಟ್‌ನಲ್ಲಿ ಏನೇನಿದೆ ಎಂದು ಒಂದೊಂದಾಗಿ ಬೆಲೆ ಬರೆಸಿಕೊಳ್ಳಿ. ಮ್ಯಾಟ್, ಮಡ್ ಫ್ಲ್ಯಾಪ್ ಬೇಕಾದರೆ ಅವಷ್ಟನ್ನೇ ತೆಗೆದುಕೊಳ್ಳಿ. ಸೀಟ್ ಕವರ್ ವಿಷಯದಲ್ಲಿ ಹುಷಾರು. ನೀವು ನೋಡಿರುವ ಕಾರಿನಲ್ಲಿ ಸೈಡ್ ಏರ್‌ಬ್ಯಾಗ್ ಸೀಟಿನ ಪಕ್ಕದಲ್ಲೇ ಇದ್ದರೆ, ಅದಕ್ಕೆ ಹೊಂದುವ ಕವರ್ ಅಲ್ಲದಿದ್ದರೆ ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಮುಂದೆ ಉಕ್ಕಿನ ಗಾರ್ಡ್ ಹಾಕಿಸುತ್ತೇವೆ ಎಂದರೆ ಖಂಡಿತ ಬೇಡ. ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಅದನ್ನು ನಿಷೇಧಿಸಲು ರಾಜ್ಯಗಳಿಗೆ ಹೇಳಿದೆ. "ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತೆ" ಎಂಬ ಮಾತಿನಲ್ಲಿ ಕಾಲುಭಾಗ ನಿಜ ಇದೆ. ವೈರ್ ಕತ್ತರಿಸಿ ಲೈಟು, ಮ್ಯೂಸಿಕ್ ಸಿಸ್ಟಂ ಹಾಕಿಸಿದರೆ ಎಲೆಕ್ಟ್ರಿಕಲ್ ಭಾಗದ ಕ್ಲೈಮ್ ತಿರಸ್ಕರಿಸಬಹುದು. ಮ್ಯಾಟ್ ಹಾಸಿದ್ದಕ್ಕೆ ಇಂಜಿನ್ ವಾರಂಟಿ ಹೋಗುವುದಿಲ್ಲ.

ಹ್ಯಾಂಡ್ಲಿಂಗ್ ಚಾರ್ಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರನ್ನು ಶೋರೂಮಿಗೆ ತರುವ, ತೊಳೆದು ನಿಲ್ಲಿಸುವ ಖರ್ಚು ಎಕ್ಸ್-ಶೋರೂಮ್ ಬೆಲೆಯಲ್ಲೇ ಸೇರಿದೆ. "ಇದಕ್ಕೆ ಜಿಎಸ್‌ಟಿ ಬಿಲ್ ಕೊಡಿ, ಯಾವ ಸೇವೆಗೆ ಎಂದು ಬರೆದುಕೊಡಿ" ಎಂದು ಕೇಳಿ. ನಾನು ಕಂಡ ಮಟ್ಟಿಗೆ ಬಹಳಷ್ಟು ಸಲ ಅಲ್ಲಿಗೆ ಅದು ಬಿದ್ದುಹೋಗುತ್ತದೆ.

ಸಾಲದ ಮಾತು ನಿಧಾನವಾಗಿ ಓದಿ. "ಐದೂವರೆ" ಎಂದದ್ದು ಫ್ಲಾಟ್ ರೇಟ್. 8 ಲಕ್ಷಕ್ಕೆ 5 ವರ್ಷ ಅಂದರೆ ಬಡ್ಡಿ 2,20,000. ಒಟ್ಟು 10,20,000ವನ್ನು 60 ಕಂತಿಗೆ ಹಂಚಿದರೆ ತಿಂಗಳಿಗೆ 17,000. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಹೋಗುತ್ತೀರಿ, ಬಡ್ಡಿ ಮಾತ್ರ ಪೂರ್ತಿ 8 ಲಕ್ಷಕ್ಕೇ ಹಾಕಿರುತ್ತಾರೆ. ಬ್ಯಾಂಕುಗಳು ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ, ಅಂದರೆ ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಲೆಕ್ಕದಲ್ಲಿ, ಇದು ಶೇ. 10. ನಿಮ್ಮ ಸಂಬಳ ಬರುವ ಬ್ಯಾಂಕು ಶೇ. 9ಕ್ಕೆ ಕೊಟ್ಟರೆ ಕಂತು ಸುಮಾರು 16,600 ಆಗುತ್ತದೆ. ಐದು ವರ್ಷಕ್ಕೆ 23,000ಕ್ಕೂ ಜಾಸ್ತಿ ಉಳಿತಾಯ. ಐದೂವರೆಗಿಂತ ಒಂಬತ್ತು ಅಗ್ಗ ಎಂದರೆ ನಂಬೋದು ಕಷ್ಟ, ಗೊತ್ತು. ಕಾಗದದ ಮೇಲೆ ಒಮ್ಮೆ ಹಾಕಿ ನೋಡಿ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಸಾಲಕ್ಕೆ ಬ್ಯಾಂಕು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಬೇಕು. ಸಹಿ ಹಾಕುವ ಮೊದಲು ಅದನ್ನು ಕೇಳಿ. ಅದರಲ್ಲಿ ವಾರ್ಷಿಕ ದರ ಎಪಿಆರ್ ಎಂದು ಬರೆದಿರುತ್ತದೆ. ಎರಡು ಬ್ಯಾಂಕಿನ ಎಪಿಆರ್ ಪಕ್ಕಪಕ್ಕ ಇಟ್ಟು ನೋಡಿ. ಮುಂಚಿತವಾಗಿ ತೀರಿಸಿದರೆ ದಂಡ ಎಷ್ಟು ಎಂಬುದನ್ನೂ ಓದಿ.

ಹಳೇ ಕಾರಿಗೆ ಅವರು ಹೇಳಿದ 1,60,000 ಹೆಚ್ಚೋ ಕಮ್ಮಿಯೋ ಎಂದು ಕಾರು ನೋಡದೆ ನಾನು ಹೇಳಲಾರೆ. ಬೇರೆ ಎರಡು ಕಡೆ ಬೆಲೆ ಕಟ್ಟಿಸಿ. ಹೊಸ ಕಾರಿನ ಡಿಸ್ಕೌಂಟ್ ಜೊತೆ ಇದನ್ನು ಬೆರೆಸಲು ಬಿಡಬೇಡಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವುದು ಇಲ್ಲೇ. ಯಾರಿಗೆ ಕೊಟ್ಟರೂ ಆರ್‌ಸಿ ವರ್ಗಾವಣೆ ಆಗುವವರೆಗೆ ಬೆನ್ನು ಬಿಡಬೇಡಿ. ನಿಮ್ಮ ಹೆಸರಿನಲ್ಲಿರುವ ಕಾರು ಯಾರದೋ ಕೈಯಲ್ಲಿ ಅಪಘಾತ ಮಾಡಿದರೆ ಕೋರ್ಟಿನ ನೋಟಿಸ್ ನಿಮ್ಮ ಮನೆಗೇ ಬರುತ್ತದೆ.

ಈಗ "ಇವತ್ತು ಸಂಜೆವರೆಗೆ ಮಾತ್ರ" ಎಂಬ ಮಾತು. ಕಂಪನಿ ಕೊಡುವ ಆಫರ್ ಸಾಮಾನ್ಯವಾಗಿ ತಿಂಗಳಿನ ಲೆಕ್ಕದ್ದು. ಟಾರ್ಗೆಟ್ ಮುಗಿಯದಿದ್ದರೆ ತಿಂಗಳ ಕೊನೆಯಲ್ಲಿ ಇನ್ನಷ್ಟು ಇಳಿಯಬಹುದು. ಬೆಲೆ ಏರುತ್ತದೆ ಎಂದರೆ ಕಂಪನಿಯ ಪ್ರಕಟಣೆ ತೋರಿಸಿ ಎನ್ನಿ. ಬೆಲೆ ಏರಿಕೆಯನ್ನು ಕಂಪನಿಗಳು ಸಾಮಾನ್ಯವಾಗಿ ಮೊದಲೇ ಹೇಳುತ್ತವೆ, ಪತ್ರಿಕೆಯಲ್ಲಿ ಬರುತ್ತದೆ.

ಆದರೆ ಮೇಡಂ, ಒಂದು ಅವಸರ ಶೋರೂಮಿನವರದ್ದಲ್ಲ, ನಮ್ಮದು. ಆಷಾಢದಲ್ಲಿ ಯಾರೂ ಗಾಡಿ ತೆಗೆಯುವುದಿಲ್ಲ, ಅದಕ್ಕೆ ಆಷಾಢದಲ್ಲಿ ಆಫರ್ ಜಾಸ್ತಿ. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆಗೆ ಎಲ್ಲರಿಗೂ ಅದೇ ದಿನ ಬೇಕು. "ಹಬ್ಬಕ್ಕೆ ಗಾಡಿ ಮನೆ ಮುಂದೆ ಇರಬೇಕು" ಎಂದು ನೀವೇ ಹೇಳಿದ ಕ್ಷಣ ಚೌಕಾಸಿ ಅಲ್ಲಿಗೆ ಮುಗಿಯಿತು. ಹಬ್ಬದ ದಿನ ಒಂದೇ ಶೋರೂಮಿನಿಂದ ಹತ್ತಾರು ಗಾಡಿ ಹೋಗುತ್ತವೆ. ರಿಬ್ಬನ್, ಹಾರ, ಚಕ್ರಕ್ಕೆ ನಿಂಬೆಹಣ್ಣು, ಫೋಟೋ. ಆ ಗದ್ದಲದಲ್ಲಿ ಯಾರೂ ಕಾರನ್ನು ಬಗ್ಗಿ ನೋಡುವುದಿಲ್ಲ.

ಹಾಗಾಗಿ ಪೂಜೆಯ ದಿನ ಬೇರೆ, ಕಾರು ಪರೀಕ್ಷೆ ಮಾಡುವ ದಿನ ಬೇರೆ ಇಟ್ಟುಕೊಳ್ಳಿ. ನೋಂದಣಿಗೆ ಮುಂಚೆಯೇ, ಪೂರ್ತಿ ಹಣ ಕಟ್ಟುವ ಮುಂಚೆಯೇ, ಬೆಳಗಿನ ಬೆಳಕಿನಲ್ಲಿ ಯಾರ್ಡ್‌ಗೆ ಹೋಗಿ. ನೋಂದಣಿ ಆದಮೇಲೆ ಬದಲಿಸಿಕೊಡಿ ಎಂದರೆ ಯಾರೂ ಒಪ್ಪುವುದಿಲ್ಲ. ಚಾಸಿ ನಂಬರ್ ಬರೆದುಕೊಂಡು ಬನ್ನಿ, ಬಿಲ್‌ನಲ್ಲಿ ಅದೇ ನಂಬರ್ ಇರಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಐದೂ ಟೈರ್ ನೋಡಿ, ಸ್ಟೆಪ್ನಿಯನ್ನೂ ಸೇರಿಸಿ. ಒಂದು ಮಾತ್ರ ಬೇರೆ ಬ್ರ್ಯಾಂಡ್ ಅಥವಾ ಬಹಳ ಹಳೆಯದಿದ್ದರೆ ಯಾಕೆ ಎಂದು ಕೇಳಿ. ಬಾಗಿಲಿನ ಪೇಂಟನ್ನು ನೇರ ನೋಡದೆ ಓರೆಯಾಗಿ, ಬೆಳಕಿಗೆ ಹಿಡಿದಂತೆ ನೋಡಿ. ಒಂದು ಕಡೆ ಬಣ್ಣ ಮಂಕಾಗಿ ಕಂಡರೆ ಅಲ್ಲಿ ಕೆಲಸ ಆಗಿರಬಹುದು. ಕಾರು ತಯಾರಾದ ತಿಂಗಳು ಮತ್ತು ವರ್ಷ ಫಾರಂ 21ರಲ್ಲಿ (ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ) ಇರುತ್ತದೆ, ಮುಂದೆ ಆರ್‌ಸಿಯಲ್ಲೂ ಬರುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಇನ್ನೊಂದು, ಟೆಸ್ಟ್ ಡ್ರೈವ್‌ಗೆ ಅತ್ತೆ ಮಾವನೂ ಬಂದಿದ್ದರಾ? ಪತ್ರದಲ್ಲಿ ಅದು ಇಲ್ಲ. ಏಳು ಸೀಟಿನ ಕಾರು ಎಂದರೆ ಮೂರನೇ ಸಾಲಿಗೆ ಯಾರಾದರೂ ಹತ್ತಲೇಬೇಕು. ಮಕ್ಕಳು ಹಾರಿ ಕೂರುತ್ತಾರೆ, ಸರಿ. ಆದರೆ ಮಧ್ಯದ ಸಾಲಿಗೆ ಅತ್ತೆ ಹತ್ತುವಾಗ ಕಾಲು ಎಷ್ಟು ಎತ್ತಬೇಕು, ಮಂಡಿ ನೋಯುತ್ತದಾ, ನೋಡಿ. ಹಿಂದಿನ ಸೀಟು ಎತ್ತಿ ನಿಲ್ಲಿಸಿದಾಗ ಡಿಕ್ಕಿಯಲ್ಲಿ ನಿಮ್ಮ ಎರಡು ಬ್ಯಾಗ್ ಹಿಡಿಯುತ್ತವಾ, ನೋಡಿ. ಅವರು ಓಡಿಸಲು ಕೊಟ್ಟದ್ದು ಮೇಲಿನ ವೇರಿಯಂಟ್, ನೀವು ಕೊಳ್ಳುತ್ತಿರುವುದು ಕೆಳಗಿನದು ಆಗಿದ್ದರೆ ನಿಮ್ಮದನ್ನೇ ಕೇಳಿ. ಆರು ಜನ ಕೂತು ಸಕಲೇಶಪುರದ ಕಡೆ ಒಂದು ಏರು ಹತ್ತಿಸಿ.

ಮುಂದೇನು ಮಾಡಬಹುದು ಎಂದರೆ, ಮೊದಲು ಇದೇ ಶೋರೂಮಿನವರಿಗೇ ಅವಕಾಶ ಕೊಡಿ. ಫೋನ್‌ನಲ್ಲಿ ಚೌಕಾಸಿ ಬೇಡ, ವಾಟ್ಸಾಪ್‌ನಲ್ಲಿ ಬರೆಯಿರಿ: "ಕಾರು ಕೊಳ್ಳುವ ಮನಸ್ಸಿದೆ. ಎಕ್ಸ್-ಶೋರೂಮ್ ಬೆಲೆ, ತೆರಿಗೆ, ವಿಮೆ, ಟಿಸಿಎಸ್, ಇತರೆ ಖರ್ಚು ಬಿಡಿಬಿಡಿಯಾಗಿ ಬರೆದು ಸೀಲ್ ಹಾಕಿದ ಪ್ರೊಫಾರ್ಮಾ ಕಳಿಸಿ. ವಿಮೆ ಮತ್ತು ಸಾಲ ಎಲ್ಲಿ ಮಾಡಿಸುವುದೆಂದು ನಾವು ತೀರ್ಮಾನಿಸುತ್ತೇವೆ. ಕಿಟ್ ಮತ್ತು ಹ್ಯಾಂಡ್ಲಿಂಗ್ ಬೇಡ. ಇವು ಕಡ್ಡಾಯವಾಗಿದ್ದರೆ ಹಾಗೆಂದು ಬರಹದಲ್ಲಿ ತಿಳಿಸಿ." ಬಾಯಲ್ಲಿ ಕಡ್ಡಾಯ ಎಂದವರು ಸೀಲ್ ಹಾಕಿ ಹಾಗೆ ಬರೆದುಕೊಟ್ಟದ್ದನ್ನು ನಾನು ನೋಡಿಲ್ಲ. ಇದರ ಅಪಾಯ ಒಂದೇ. ಹಬ್ಬದ ಸಮಯದಲ್ಲಿ ಬೇಡಿಕೆ ಇರುವ ಗಾಡಿಯಾದರೆ "ನಿಮ್ಮ ಅಲಾಟ್‌ಮೆಂಟ್ ಮುಂದೆ ಹೋಯಿತು" ಎನ್ನಬಹುದು. ಅದಕ್ಕೆ ಮನಸ್ಸು ಸಿದ್ಧ ಇರಲಿ.

ಅದೇ ಹೊತ್ತಿಗೆ ಮೈಸೂರು ಅಥವಾ ಬೆಂಗಳೂರಿನ ಡೀಲರ್‌ನಿಂದಲೂ ಪ್ರೊಫಾರ್ಮಾ ತರಿಸಿ. ಅಲ್ಲಿ ಕೊಂಡರೂ ನಿಮ್ಮೂರಿನ ಕೆಎ-13 ನಂಬರನ್ನೇ ಮಾಡಿಸಬಹುದು. ಸರ್ವಿಸ್ ಯಾವ ಅಧಿಕೃತ ಸೆಂಟರಿನಲ್ಲೂ ಆಗುತ್ತದೆ. ತೊಂದರೆ ಎಂದರೆ ಓಡಾಟ, ಮತ್ತೆ ಡೆಲಿವರಿಯಲ್ಲಿ ಏನಾದರೂ ಬಿಟ್ಟುಹೋದರೆ ಕೇಳಲು ದೂರ.

ಹಬ್ಬ ಬಿಟ್ಟು ವರ್ಷದ ಕೊನೆಗೆ ಕಾದರೆ ರಿಯಾಯಿತಿ ಜಾಸ್ತಿ ಸಿಗಬಹುದು. ಆದರೆ ಡಿಸೆಂಬರ್‌ನಲ್ಲಿ ಕೊಂಡ ಕಾರು ಒಂದು ತಿಂಗಳಿಗೇ ಹಿಂದಿನ ವರ್ಷದ ಮಾಡೆಲ್ ಆಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ದೊಡ್ಡ ವಿಷಯವಲ್ಲ, ನಾಲ್ಕು ವರ್ಷಕ್ಕೆ ಮಾರುವವರಿಗೆ ಹೌದು. ನಿಮ್ಮ ಹಳೇ ಕಾರನ್ನು ಎಷ್ಟು ವರ್ಷ ಇಟ್ಟುಕೊಂಡಿರಿ ಎಂದು ನೆನಪಿಸಿಕೊಂಡು ತೀರ್ಮಾನಿಸಿ.

ಬುಕಿಂಗ್ ರದ್ದು ಮಾಡುವುದಾದರೆ ಮೊದಲು ಬುಕಿಂಗ್ ಫಾರಂ ಹಿಂದಿನ ಸಣ್ಣ ಅಕ್ಷರ ಓದಿ. ರದ್ದತಿ ಶುಲ್ಕ ಇದ್ದರೆ ಅಲ್ಲಿ ಬರೆದಿರಬೇಕು. 21,000 ಹೋಗಿದ್ದು ಡೀಲರ್‌ನ ಬ್ಯಾಂಕ್ ಖಾತೆಗಾ ಅಥವಾ ಆ ಹುಡುಗನ ಫೋನ್ ನಂಬರಿಗಾ ಎಂದು ಇವತ್ತೇ ನೋಡಿ. ಫೋನ್ ನಂಬರಿಗೆ ಹೋಗಿದ್ದರೆ ನಾಳೆ ಬೆಳಗ್ಗೆಯೇ ಹೋಗಿ ಡೀಲರ್ ಹೆಸರಿನ ರಸೀದಿ ಕೇಳಿ. ರದ್ದತಿಯನ್ನು ಇಮೇಲ್‌ನಲ್ಲಿ ಕಳಿಸಿ, ಕಾರು ಕಂಪನಿಯ ಕಸ್ಟಮರ್ ಕೇರ್‌ಗೂ ಅದರ ಪ್ರತಿ ಹಾಕಿ. ಕಂಪನಿಯವರು ಕೇಳಿದಾಗ ಡೀಲರ್ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೇ ಆ ಚೀಟಿಯನ್ನು, ವಾಟ್ಸಾಪ್ ಮಾತುಕತೆಯನ್ನು ಅಳಿಸಬೇಡಿ.

ಆ ಹುಡುಗನ ಜೊತೆ ಜಗಳ ಬೇಡ. ಮುಂದೆ ನಂಬರ್ ಪ್ಲೇಟ್‌ಗೂ, ಆರ್‌ಸಿಗೂ ನೀವು ಅವನನ್ನೇ ಕೇಳಬೇಕು. ಇಂದು ರಾತ್ರಿ ಇಬ್ಬರೂ ಕೂತು ಹಳೇ ಕಾರಿನ ಪಾಲಿಸಿ ತೆಗೆದು ಎನ್‌ಸಿಬಿ ಎಷ್ಟಿದೆ ನೋಡಿ, ಆ ವಾಟ್ಸಾಪ್ ಕಳಿಸಿ. ಪ್ರೊಫಾರ್ಮಾ ಬಂದಮೇಲೆ ಅದರ ಫೋಟೋ ನನಗೂ ಕಳಿಸಿ. ಸಾಲು ಸಾಲಾಗಿ ನೋಡಿ ಹೇಳುತ್ತೇನೆ.